ರಾಕೆಟ್ ರೋಡ್ ಎರಡರಲ್ಲಿ ಕೆಂಪಿ ಇಲ್ಲ

ಹೆಂಗಸೊಬ್ಬಳು ಗಂಡನಿಗೆ ಗೊತ್ತಿಲ್ಲದಂತೆ ಹಸು ಸಾಕಿದ್ದಾಳೆ ಎಂದರೆ ಹುಣಸೂರಿನ ಜನ ನಂಬುತ್ತಾರೆ. ಗುಟ್ಟಾಗಿ ಚೀಟಿ ಹಾಕಿದ್ದಾಳೆ ಎಂದರೂ ನಂಬುತ್ತಾರೆ. ಗುಟ್ಟಾಗಿ ಓಲೆ ಮಾಡಿಸಿಕೊಂಡಿದ್ದಾಳೆ ಎಂದರಂತೂ ಯಾವ ಅಂಗಡಿಯಲ್ಲಿ ಎಂದು ಅವರೇ ಹೇಳುತ್ತಾರೆ. ಆದರೆ ಐವತ್ತೆರಡು ವರ್ಷದ ಅಂಗನವಾಡಿ ಟೀಚರಮ್ಮ ಹನ್ನೊಂದು ವರ್ಷದಿಂದ ಮೊಬೈಲಿನಲ್ಲಿ ಕಾರ್ ರೇಸ್ ಓಡಿಸುತ್ತಿದ್ದಾಳೆ ಎಂದರೆ, ದೇವರು ಮೈಮೇಲೆ ಬಂದು ನುಡಿದರೂ ನಂಬುವುದಿಲ್ಲ. ಶಿವನಂಜಮ್ಮನ ಗುಟ್ಟು ಹನ್ನೊಂದು ವರ್ಷ ಭದ್ರವಾಗಿದ್ದದ್ದು ಈ ಒಂದೇ ಕಾರಣಕ್ಕೆ.

ಆಟದ ಹೆಸರು ರಾಕೆಟ್ ರೋಡ್. ಹಾಕಿಕೊಟ್ಟವಳು ತಂಗಿಯ ಮಗಳು ಕಾವ್ಯಶ್ರೀ. ಆಗವಳು ಕಾಲೇಜು ಹುಡುಗಿ, ಈಗ ಪಿರಿಯಾಪಟ್ಟಣದಲ್ಲಿ ಸ್ವಂತ ಮೊಬೈಲ್ ರಿಪೇರಿ ಅಂಗಡಿಯ ಯಜಮಾನಿ. ಈ ಹನ್ನೊಂದು ವರ್ಷದಲ್ಲಿ ಶಿವನಂಜಮ್ಮನ ಫೋನು ಮೂರು ಸಲ ಬದಲಾಯಿತು, ಕನ್ನಡಕದ ನಂಬರು ಎರಡು ಸಲ ಬದಲಾಯಿತು, ಆಟ ಬದಲಾಗಲಿಲ್ಲ. ಆಟಕ್ಕೆ ಸೇರಿದ ದಿನ ಬಿಟ್ಟಿ ಸಿಗುವುದು ಒಂದು ಪುಟ್ಟ ಕೆಂಪು ಕಾರು. ಮಿಕ್ಕವರು ಎರಡೇ ದಿನಕ್ಕೆ ಅದನ್ನು ಮೂಲೆಗೆ ತಳ್ಳಿ ದೊಡ್ಡ ಕಾರು ಹಿಡಿಯುತ್ತಾರೆ. ಶಿವನಂಜಮ್ಮ ಹಿಡಿಯಲಿಲ್ಲ. ಅದಕ್ಕೆ ಕೆಂಪಿ ಎಂದು ಹೆಸರಿಟ್ಟು, ಅದರಲ್ಲೇ ಹಿಮದ ಬೆಟ್ಟ ಹತ್ತಿದಳು, ಮರಳುಗಾಡು ದಾಟಿದಳು, ಸಮುದ್ರದ ದಂಡೆಯ ಮೇಲೆ ಟೈಗರ್ ಎಂಬ ಹಳದಿ ಕಾರನ್ನು ನೂರಾರು ಸಲ ಹಿಂದಕ್ಕೆ ಹಾಕಿದಳು. ಫೋನನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೆ ಓರೆ ಮಾಡಿದರೆ ಕೆಂಪಿ ಎಡಕ್ಕೆ, ಬಲಕ್ಕೆ ಓರೆ ಮಾಡಿದರೆ ಬಲಕ್ಕೆ. ತಿರುವು ಜೋರಿದ್ದರೆ ಶಿವನಂಜಮ್ಮನೂ ಸೊಂಟದಿಂದ ಮೇಲಕ್ಕೆ ಪೂರಾ ಓರೆಯಾಗುತ್ತಿದ್ದಳು. ಒಂದು ಸಲ ಗಂಡ ಬಾಗಿಲಲ್ಲಿ ನಿಂತು ನೋಡಿಬಿಟ್ಟಾಗ "ಸೊಂಟ ಹಿಡ್ಕಂಡದೆ" ಅಂದಳು. ಆತ ಪಾಪ, ಅವತ್ತೇ ಸಂಜೆ ನೋವಿನ ಎಣ್ಣೆ ತಂದುಕೊಟ್ಟ.

ಗುಟ್ಟು ಯಾಕೆ ಎಂದು ಕೇಳಬಹುದು. ಶಿವನಂಜಮ್ಮ ತಾಯಂದಿರ ಸಭೆಯಲ್ಲಿ ಮಾತಾಡುವುದನ್ನು ಕೇಳಿದವರು ಹಾಗೆ ಕೇಳುವುದಿಲ್ಲ. "ಮೊಬೈಲ್ ಅನ್ನೋದು ಮಕ್ಕಳ ಕೈಗೆ ಕೊಡೋ ಕೆಂಡ" ಎಂದು ಶುರುವಾದರೆ ಮುಕ್ಕಾಲು ಗಂಟೆ. ಅದಕ್ಕೊಂದು ಚಾರ್ಟು ಬೇರೆ ಇತ್ತು. ಮೊನ್ನೆ ಗುರುವಾರವಷ್ಟೇ ಪಕ್ಕದ ಮನೆ ಯಶೋದಮ್ಮನ ಸೊಸೆ ಮಗುವಿಗೆ ಮೊಬೈಲ್ ತೋರಿಸಿ ಉಪ್ಪಿಟ್ಟು ತಿನ್ನಿಸುತ್ತಿದ್ದಾಗ, ಟೀಚರಮ್ಮ ಕಾಂಪೌಂಡ್ ದಾಟಿ ಹೋಗಿ ಫೋನು ಕಿತ್ತು ಪಡಸಾಲೆಯ ಶೋಕೇಸಿನ ಮೇಲಿಟ್ಟು ಬಂದಿದ್ದಳು.

ಇಂಥ ಹೊತ್ತಿಗೆ ಶನಿವಾರ ಮಧ್ಯಾಹ್ನ ರಾಕೆಟ್ ರೋಡಿನ ಎರಡನೇ ಭಾಗ ಬಂತು.

ಮೂರು ವರ್ಷದಿಂದ ಬರುತ್ತದೆ, ಬರುತ್ತದೆ ಎಂದು ಕಾದಿದ್ದ ಭಾಗ. ಶಿವನಂಜಮ್ಮ ಅಂಗನವಾಡಿಯಿಂದ ಬಂದವಳೇ ಊಟ ಮುಗಿಸಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಹಬ್ಬದ ಸೀರೆಯ ಮಡಿಕೆ ಬಿಚ್ಚುವವಳ ಹಾಗೆ ಆಟ ತೆರೆದಳು. ಮೊದಲಿಗೆ ಒಂದು ಜಾಹೀರಾತು. ಆಮೇಲೆ ಇನ್ನೊಂದು. ಆಮೇಲೆ ಪೆಟ್ರೋಲ್ ಖಾಲಿಯಾಗಿದೆ, ತುಂಬಿಸಬೇಕಾದರೆ ಮೂರನೇ ಜಾಹೀರಾತು ನೋಡಿ ಎಂಬ ಸೂಚನೆ. ಗಾಡಿ ಇನ್ನೂ ಶೆಡ್ಡಿನಿಂದ ಆಚೆಗೇ ಬಂದಿಲ್ಲ, ಪೆಟ್ರೋಲ್ ಹೇಗೆ ಖಾಲಿಯಾಯಿತೋ ಕಂಪನಿಯವರಿಗೇ ಗೊತ್ತು. ಅದನ್ನೂ ಸಹಿಸಿದಳು. ಶೆಡ್ಡು ತೆರೆಯಿತು. ನಲವತ್ತು ಕಾರು ನಿಂತಿದ್ದವು, ಒಂದೊಂದೂ ಮದುವೆ ಛತ್ರದ ಮುಂದಿನ ಸೀರಿಯಲ್ ಲೈಟಿನ ಹಾಗೆ. ಕೆಂಪಿ ಇರಲಿಲ್ಲ. ಹುಡುಕಿದಳು, ಕನ್ನಡಕ ಒರೆಸಿಕೊಂಡು ಹುಡುಕಿದಳು. ಇಲ್ಲ. ಹಳೇ ಆಟ ತೆರೆಯಲು ಹೋದರೆ, "ಮೊದಲ ಭಾಗ ಮುಚ್ಚಲಾಗಿದೆ, ನಿಮ್ಮ ಪ್ರೀತಿಗೆ ಧನ್ಯವಾದ" ಎಂದು ಬಂತು.

ಹೋಗಲಿ ಎಂದು ಇದ್ದದ್ದರಲ್ಲಿ ಒಂದನ್ನು ಹತ್ತಿದಳು. ತಿರುವು ಬಂತು, ಫೋನನ್ನು ಎಡಕ್ಕೆ ಓರೆ ಮಾಡಿದಳು. ಕಾರು ಬಲಕ್ಕೆ ಹೋಯಿತು. ಎರಡನೇ ಭಾಗದಲ್ಲಿ ಸ್ಟೇರಿಂಗ್ ತನಗೆ ತಾನೇ ತಿರುಗುತ್ತದಂತೆ. ಆಡುವವರು ಸುಮ್ಮನೆ ಕೂತು ಆಗಾಗ ಒಂದು ಗುಂಡಿ ಒತ್ತಿದರೆ ಸಾಕಂತೆ. ನೀವು ಗೆದ್ದಿದ್ದೀರಿ ಎಂದು ಪಟಾಕಿ ಬೇರೆ ಹೊಡೆಯಿತು.

ಶಿವನಂಜಮ್ಮನ ಕಣ್ಣು ತುಂಬಿತು. ಕಾವ್ಯಶ್ರೀಗೆ ಫೋನು ಮಾಡಿದಳು.

"ಕೆಂಪಿ ಇಲ್ಲ ಕಣೆ ಕಾವ್ಯಾ. ಹೋಯ್ತು... ಹನ್ನೊಂದು ವರ್ಷ ಕಣೆ! ಆ ಬೇಗೂರು ಕಾಡ್ನಂಗೆ ಒಂದು ತಿರುವು ಐತಲ್ಲ, ಅಲ್ಲಿ ಟೈಗರು ಹಿಂದಿಂದ ನುಗ್ಗಿ ಬಂದ್ರೂ ಸಿಕ್ತಿರ್ನಿಲ್ಲ ನನ್ನ ಕೆಂಪಿ. ಎಷ್ಟು ಸಲ ಉರುಳ್ಕೊಂಡು ಬಿದ್ದೈತೆ, ಎದ್ದು ಓಡ್ತಿತ್ತು... ಈಗ ಅದರ ಜಾಗಕ್ಕೆ ಎಂಥವೋ ಫಾರಿನ್‌ವು ತಂದು ನಿಲ್ಸವ್ರೆ, ನೋಡಕ್ಕೆ ಮೈ ತುಂಬ ಬಣ್ಣ, ಹೇಳಿದ ಮಾತು ಕೇಳಲ್ಲ... ನನ್ನ ಒಂದು ಮಾತು ಕೇಳ್ನಿಲ್ಲ ಕಣೆ ಅವ್ರು!"

"ದೊಡ್ಡಮ್ಮಾ, ಅಳಬೇಡಿ, ಬೇರೆ ಆಟ..." ಎಂದು ಆ ಕಡೆಯಿಂದ ಕಾವ್ಯಶ್ರೀ ಅನ್ನುತ್ತಿದ್ದದ್ದು ಶಿವನಂಜಮ್ಮನಿಗೆ ಮಾತ್ರ ಕೇಳಿಸಿತು. ಶಿವನಂಜಮ್ಮ ಅಂದದ್ದು ಕಾಂಪೌಂಡಿನ ಆಚೆ ಸಂಡಿಗೆ ತಿರುವಿಹಾಕುತ್ತಿದ್ದ ಯಶೋದಮ್ಮನಿಗೂ ಕೇಳಿಸಿತು.

ಯಶೋದಮ್ಮ ಸುಳ್ಳು ಹೇಳುವ ಪೈಕಿಯಲ್ಲ. ಕೇಳಿದ್ದರಲ್ಲಿ ಖಾಲಿ ಬಿದ್ದಿರುವ ಜಾಗ ತುಂಬಿಸುತ್ತಾಳೆ, ಅಷ್ಟೆ. ಕೆಂಪಿ ಎಂದರೆ ಹಸು, ಅದರಲ್ಲಿ ಎರಡು ಮಾತಿಲ್ಲ. ಟೀಚರಮ್ಮನ ಮನೆಯಲ್ಲಿ ಹಸು ಇಲ್ಲ, ಕೊಟ್ಟಿಗೆಯೂ ಇಲ್ಲ. ಅಂದ ಮೇಲೆ ಪಾಲಿಗೆ ಬಿಟ್ಟಿರಬೇಕು. ಹಸು ನಮ್ಮದು, ಮೇಯಿಸುವುದು ಬೇರೆಯವರು, ಹುಟ್ಟಿದ ಕರುವಿನಲ್ಲಿ ಇಬ್ಬರಿಗೂ ಪಾಲು. ಹೆಣ್ಣುಮಕ್ಕಳು ತವರಿನವರು ಕೊಟ್ಟ ಹಸುವನ್ನು ಹೀಗೆ ಕಂಡವರ ಮನೆಯಲ್ಲಿ ಬೆಳೆಸುವುದು ಈ ಸೀಮೆಯಲ್ಲಿ ಹೊಸದೇನೂ ಅಲ್ಲ. ಎಲ್ಲಿ ಬಿಟ್ಟಿದ್ದಾಳೆ? ಬೇಗೂರು ಕಾಡು ಅಂದಳಲ್ಲ, ಹೆಗ್ಗಡದೇವನಕೋಟೆಯ ಆಚೆ ಕೇರಳದ ಗಡಿಯ ಎನ್. ಬೇಗೂರು. ಯಾರು ತಿಂದರು? ಅದನ್ನೂ ಅವಳೇ ಹೇಳಿದಳು, ಟೈಗರು.

ಯಶೋದಮ್ಮ ಸಂಡಿಗೆಯನ್ನು ಕಾಗೆಗಳಿಗೆ ಬಿಟ್ಟು, ಒಂದು ಲೋಟ ಕಾಫಿ ತೆಗೆದುಕೊಂಡು ಬಂದಳು.

"ಕುಡೀರಿ ಟೀಚರಮ್ಮ. ಹೋಗಿದ್ದು ಬತ್ತದಾ? ಕೆಂಪಿ ಋಣ ಅಷ್ಟೇ ಇತ್ತು ಅಂದ್ಕಳಿ."

"ಕೆಂಪಿ ವಿಷ್ಯ ನಿಮಗೆ ಹೆಂಗೆ ಗೊತ್ತಾಯ್ತು?" ಶಿವನಂಜಮ್ಮ ಬೆಚ್ಚಿಬಿದ್ದಳು.

"ಗೊತ್ತಾಗದೆ ಇರ್ತದಾ? ನಾನೂ ಹೆಂಗಸಲ್ವಾ? ನಮ್ಮದು ಅಂತ ಒಂದು ಇರಬೇಕು ಕಣ್ರೀ. ನಿಮ್ಮನ್ನ ನಾನು ತಪ್ಪು ತಿಳ್ಕಳಕಿಲ್ಲ. ಹಾಲು ಎಷ್ಟು ಕೊಡ್ತಿತ್ತು?"

ಹಾಲು ಎಂದ ಕೂಡಲೇ ಶಿವನಂಜಮ್ಮನಿಗೆ ವಿಷಯ ಹೊಳೆಯಿತು. ಹೊಳೆದ ಕ್ಷಣದಲ್ಲೇ, ಅಲ್ಲ ಯಶೋದಮ್ಮ, ಅದು ಹಸು ಅಲ್ಲ ಎಂದು ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿಗೆ ಕೂತಿದ್ದದ್ದು ಗುರುವಾರ ಫೋನು ಕಿತ್ತಿಟ್ಟು ಬಂದ ಮನೆಯ ಯಜಮಾನಿ. ಶಿವನಂಜಮ್ಮ ಕಾಫಿ ಲೋಟದೊಳಗೆ ನೋಡಿಕೊಂಡು "ಹ್ಞೂಂ" ಅಂದಳು. ಲೋಕದಲ್ಲಿ ಮಾತಿನಿಂದ ಆದ ಅನಾಹುತಗಳನ್ನು ಎಲ್ಲರೂ ಬರೆದಿಡುತ್ತಾರೆ. ಹ್ಞೂಂ ಎಂಬುದರಿಂದ ಆದದ್ದನ್ನು ಯಾರೂ ಬರೆಯುವುದಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಲಕ್ಷ್ಮಣತೀರ್ಥದ ಸೇತುವೆ ದಾಟಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ತಲುಪಿತ್ತು. ಅಲ್ಲಿ ಬೆಂಚಿನ ಮೇಲೆ ಜಯರಾಮ ಕೂತಿದ್ದ. ಜಯರಾಮ ಶಿವನಂಜಮ್ಮನ ಗಂಡ, ಸರ್ಕಾರಿ ಬಸ್ಸಿನ ನಿವೃತ್ತ ಡ್ರೈವರ್. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಒಂದು ಕೋಳಿಗೂ ಗಾಲಿ ತಾಗಿಸಿದವನಲ್ಲ ಎಂದು ಬೆಳ್ಳಿ ಪದಕ ಪಡೆದವನು. ಸ್ಟೇರಿಂಗ್ ಹಿಡಿದ ದಿನದಿಂದ ಭೂಮಿಯ ಮೇಲೆ ಗಾಲಿ ಇರುವ ಯಾವುದನ್ನೂ ಇನ್ನೊಬ್ಬರು ಓಡಿಸಿದರೆ ಅವನಿಗೆ ಸಮಾಧಾನವಿಲ್ಲ. ಹೆಂಡತಿ ಸ್ಕೂಟರ್ ಕಲಿಯುತ್ತೇನೆ ಅಂದಾಗ, "ನಾನಿದೀನಲ್ಲ, ಹಿಂದೆ ಕೂತ್ಕೊ" ಅಂದಿದ್ದ. ಅವತ್ತಿನಿಂದ ಅವಳು ಹಿಂದೆ ಕೂತೇ ಇದ್ದಳು.

ಟೀ ಅಂಗಡಿಯಲ್ಲಿ ಯಾರೋ "ಏನ್ ಜಯರಾಮಣ್ಣ, ನಿಮ್ಮ ಮನೆಯೋರ ಹಸನ ಹುಲಿ ಹಿಡೀತಂತಲ್ಲ" ಅಂದರು. ಜಯರಾಮ ಟೀ ಅರ್ಧಕ್ಕೇ ಬಿಟ್ಟು ಮನೆಗೆ ಬಂದ. ಬಂದವನು ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತ.

"ಯಾವ ಹಸ?"

ಶಿವನಂಜಮ್ಮ ಚಪಾತಿ ಹಿಟ್ಟು ನಾದುತ್ತಿದ್ದಳು. "ಯಾವ ಹಸನೂ ಇಲ್ಲ ಕಣ್ರೀ."

"ಈಗಿಲ್ಲ ಅಂತ ನನಗೂ ಗೊತ್ತು. ಹುಲಿ ತಿಂದ್ಮೇಲೆ ಎಲ್ಲಿದ್ದಾತು? ಹನ್ನೊಂದು ವರ್ಷ! ನನಗೆ ಒಂದು ಮಾತು ಹೇಳ್ದಂಗೆ!"

"ನನ್ನ ಮಾತು ಕೇಳಿ ಒಸಿ..."

"ಹನ್ನೊಂದು ವರ್ಷ ನಾನು ಪ್ಯಾಕೆಟ್ ಹಾಲು ಕುಡಿದಿದೀನಿ ಕಣೆ!" ಜಯರಾಮನ ದನಿ ಒಡೆಯಿತು. "ನೀರು ಜಾಸ್ತಿ ಆಯ್ತು, ಪುಡಿ ಜಾಸ್ತಿ ಆಯ್ತು ಅಂತ ನಾನು ಅನ್ಕೊಂಡು ಕುಡೀತಿದ್ರೆ ನೀನು ಎದುರಿಗೇ ನಿಂತಿದ್ದೆ. ಆಗ್ಲೂ ನಿನ್ನ ಬಾಯಲ್ಲಿ ಬರ್ನಿಲ್ವಲ್ಲ, ರೀ, ನಮ್ಮದೇ ಒಂದು ಹಸ ಐತೆ ಅಂತ!"

ಗಂಡ ಅಳುವುದನ್ನು ಶಿವನಂಜಮ್ಮ ನೋಡಿದ್ದು ಅದು ಎರಡನೇ ಸಲ. ಮೊದಲನೆಯದು ರಿಟೈರ್ ಆದ ದಿನ, ಬಸ್ಸಿನ ಸ್ಟೇರಿಂಗ್ ಬಿಟ್ಟು ಇಳಿಯುವಾಗ. ನಿಜ ಹೇಳಲು ಬಾಯಿ ತೆರೆದಳು. ಆದರೆ ಹಸು ಎಂದರೆ ಅಳುವ ಗಂಡಸು ಕಾರ್ ರೇಸ್ ಎಂದರೆ ನಗುತ್ತಾನೆ, ಅದು ಅವಳಿಗೆ ಗೊತ್ತಿತ್ತು. ಅವನ ಅಳುವನ್ನು ತಡೆದುಕೊಳ್ಳಬಹುದು. ಕೆಂಪಿಯ ವಿಷಯಕ್ಕೆ ಅವನು ನಗುವುದನ್ನು ತಡೆಯಲಾರಳು. ಹಿಟ್ಟನ್ನೇ ಇನ್ನಷ್ಟು ನಾದಿದಳು. ಅವತ್ತಿನ ಚಪಾತಿ ಬಹಳ ಮೃದುವಾಗಿತ್ತು, ಯಾರೂ ತಿನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಕೃಷ್ಣರಾಜನಗರದ ಮೊದಲ ಬಸ್ಸಿಗೆ ಜಯರಾಮನ ಅಕ್ಕ ಚಿಕ್ಕಬೀರಮ್ಮ ಬಂದಿಳಿದಳು. ಗೇಟಿನಿಂದಲೇ ಸೆರಗು ಬಾಯಿಗೆ ಹೋಗಿತ್ತು.

"ಅಯ್ಯೋ ಕೆಂಪೀ! ನಿನ್ನ ಮಖ ಒಂದ್ಸಲಾನೂ ನೋಡ್ನಿಲ್ವಲ್ಲೇ!" ಎಂದು ಜಗಲಿಯ ಮೇಲೆ ಕೂತು, ನೀರು ಕುಡಿದು, ಕಣ್ಣೊರೆಸಿಕೊಂಡು, ತಮ್ಮನ ಹೆಂಡತಿಯನ್ನು ಕೇಳುವ ಮೊದಲು ಸುತ್ತ ನೋಡಿದಳು. "ನಂಜೀ, ಆ ಹಸ ಕೆಂಪಗಿತ್ತಾ?"

"ಕೆಂಪಗೇ ಇತ್ತು ಅತ್ಗೆ." ಇದಂತೂ ನಿಜವಾದ್ದರಿಂದ ಶಿವನಂಜಮ್ಮ ಗಟ್ಟಿಯಾಗಿ ಹೇಳಿದಳು.

"ನೋಡ್ದಾ! ನಮ್ಮವ್ವನ ಕೊಟ್ಟಿಗೇಲಿ ಇದ್ದದ್ದೂ ಕೆಂದ ಹಸಾನೆ. ಅದ್ರದ್ದೇ ತಳಿ ಇದು, ಬ್ಯಾರೆ ಎಲ್ಲಿಂದ ಬಂದಾತು? ನಾನೇನೂ ಕೇಳಾಕಿಲ್ಲ ಕಣವ್ವ, ಕೇಳೋಳಲ್ಲ. ಕರ ಎಷ್ಟಿದ್ದೋ?"

"ಕರ ಇಲ್ಲ ಅತ್ಗೆ."

"ಹನ್ನೊಂದು ವರ್ಷಕ್ಕೆ ಒಂದೂ ಕರ ಇಲ್ವಾ? ಅಂಗಾರೆ ಗೊಡ್ಡಾ? ಗೊಡ್ಡ ಹಸಿಗೆ ಇಷ್ಟು ಅಳ್ತೀಯಾ?" ಚಿಕ್ಕಬೀರಮ್ಮ ತಮ್ಮನ ಕಡೆ ತಿರುಗಿದಳು. "ಲೇ ಜಯರಾಮಾ, ಕರಗಳ್ನ ಬಚ್ಚಿಟ್ಟವ್ಳೆ ಕಣ್ಲಾ ನಿನ್ನ ಎಂಡ್ರು."

ಜಯರಾಮ ಹಾಲು ಹಾಕದ ಟೀ ಕುಡಿಯುತ್ತ ಗೋಡೆ ನೋಡುತ್ತಿದ್ದ.

ಇದೆಲ್ಲ ಮನೆಯೊಳಗಿನ ಮಾತು, ಹೇಗೋ ನಡೆದುಹೋಗುತ್ತಿತ್ತು. ಆದರೆ ಮಧ್ಯಾಹ್ನ ದೊಡ್ಡಬೀರಯ್ಯ ಬಂದ. ದೊಡ್ಡಬೀರಯ್ಯ ಹಿಂದೆ ಒಂದು ಸಲ ವಾರ್ಡಿನ ಮೆಂಬರಾಗಿದ್ದವನು, ಮುಂದೆ ಒಂದು ಸಲ ಆಗುವವನು. ನಡುವೆ ಯಾರ ಮನೆಯಲ್ಲಿ ಏನು ಕೆಟ್ಟರೂ ಅರ್ಜಿ ಬರೆದುಕೊಡುತ್ತಾನೆ. ಅವನ ಹಿಂದೆ ಇಬ್ಬರು ಒಂದು ಫ್ಲೆಕ್ಸ್ ಹೊತ್ತು ತಂದು ಗೇಟಿನ ಪಕ್ಕದ ಕಂಬಕ್ಕೆ ಕಟ್ಟಿದರು. "ಮತ್ತೆ ಹುಟ್ಟಿ ಬಾ ಕೆಂಪಿ" ಎಂದು ದೊಡ್ಡ ಅಕ್ಷರ, ಇಂಟರ್‌ನೆಟ್ಟಿನಿಂದ ಇಳಿಸಿದ ಒಂದು ಗುಜರಾತಿ ಹಸು, ಹಸುವಿಗಿಂತ ದೊಡ್ಡದಾಗಿ ಕೈಮುಗಿದ ದೊಡ್ಡಬೀರಯ್ಯ.

"ಇದ್ಯಾಕೆ ಬೀರಯ್ಯನೋರೆ?" ಶಿವನಂಜಮ್ಮ ಕಂಗಾಲಾದಳು.

"ನೀವು ಸುಮ್ನಿರಿ ಟೀಚರಮ್ಮ. ನಮ್ಮ ವಾರ್ಡಿನ ಹಸ ತಿಂದು ಆ ಹುಲಿ ನೆಮ್ಮದಿಯಾಗಿ ಮಲಗ್ತದಾ? ಪರಿಹಾರ ಕೊಡಿ ಅಂತ ಫಾರೆಸ್ಟಿಗೆ ವಾಟ್ಸಾಪ್‌ನಲ್ಲಿ ಅರ್ಜಿ ಹಾಕಾಯ್ತು. ನಾಳೆ ಬತ್ತಾರೆ. ನೀವು ಅಳ್ತಾ ಇದ್ರೆ ಸಾಕು, ಮಿಕ್ಕಿದ್ದು ನಾನು ಮಾತಾಡ್ತೀನಿ."

"ಅರ್ಜಿ ವಾಪಸ್ ತಗೊಳ್ಳಿ. ನನಗೆ ಏನೂ ಬ್ಯಾಡ."

"ನೋಡಿದ್ರಾ!" ದೊಡ್ಡಬೀರಯ್ಯ ಸೇರಿದವರ ಕಡೆ ತಿರುಗಿ ಕಣ್ಣು ಒದ್ದೆ ಮಾಡಿಕೊಂಡ. "ಇದು ಕಣ್ರಪ್ಪ ದೊಡ್ಡಗುಣ ಅಂದ್ರೆ."

ಅವತ್ತು ಸಂಜೆಯೊಳಗೆ ಇಪ್ಪತ್ತಮೂರು ಜನ ಬಂದು ಹೋದರು. ಎಲ್ಲರೂ ಕೆಂಪಿಯ ಗುಣಗಾನ ಮಾಡಿದರು. ಒಬ್ಬರಂತೂ ಅದನ್ನು ಬೇಗೂರು ಜಾತ್ರೆಯಿಂದ ಬರುವಾಗ ಕಣ್ಣಾರೆ ನೋಡಿದ್ದಾಗಿ, ಅದು ತಮ್ಮ ಕೈ ನೆಕ್ಕಿದ್ದಾಗಿ ಹೇಳಿದರು. ಶಿವನಂಜಮ್ಮ ಯಾರಿಗೂ ಎದುರಾಡಲಿಲ್ಲ. ನಡುನಡುವೆ ಅಡುಗೆಮನೆಗೆ ಹೋಗಿ, ಡಬ್ಬದ ಹಿಂದಿನಿಂದ ಫೋನು ತೆಗೆದು, ಇನ್ನೊಂದು ಸಲ ನೋಡೋಣವೆಂದು ಎರಡನೇ ಭಾಗವನ್ನು ತೆರೆಯುತ್ತಿದ್ದಳು. ಕಾರು ತಾನೇ ಹೋಗುತ್ತಿತ್ತು, ತಾನೇ ತಿರುಗುತ್ತಿತ್ತು, ತಾನೇ ಗೆದ್ದು ಇವಳಿಗೆ ಶಹಬ್ಬಾಸ್ ಹೇಳುತ್ತಿತ್ತು. ಹೊರಗೆ ಇಪ್ಪತ್ತಮೂರು ಜನ ಇಲ್ಲದ ಹಸುವಿಗೆ ಅತ್ತರೆ ಒಳಗೆ ಇವಳೊಬ್ಬಳು ಇದ್ದ ಕಾರಿಗೆ ಅತ್ತಳು. ಒಟ್ಟಿನಲ್ಲಿ ಮನೆಯಲ್ಲಿ ಶೋಕಕ್ಕೆ ಕೊರತೆ ಇರಲಿಲ್ಲ.

ಸೋಮವಾರ ಶಿವನಂಜಮ್ಮ ಅಂಗನವಾಡಿಗೆ ರಜೆ ಹಾಕಿದ್ದಳು. ಹನ್ನೊಂದಕ್ಕೆ ಅರಣ್ಯ ಇಲಾಖೆಯ ಜೀಪು ಬಂದು ಫ್ಲೆಕ್ಸಿನ ಕೆಳಗೆ ನಿಂತಿತು. ಇಳಿದವರು ಇಬ್ಬರು. ಒಬ್ಬಳು ಫಾರೆಸ್ಟರ್ ಸಂಘಮಿತ್ರ, ಖಾಕಿ ಬಟ್ಟೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಫಾರಂ. ಇನ್ನೊಬ್ಬ ಬೇಗೂರಿನ ಕಡೆಯ ವಾಚರ್ ಚಿಕ್ಕಬೊಮ್ಮ, ಕಾಡಂಚಿನ ಆದಿವಾಸಿಗಳ ಹಾಡಿಯವನು. ಅವನ ಮುಖ ನೋಡಿದರೆ ತನ್ನ ಮೇಲೇ ಕೇಸು ಹಾಕಿದ್ದಾರೇನೋ ಎನ್ನುವಂತಿತ್ತು.

ಜಗಲಿಯ ತುಂಬ ಜನ. ಯಶೋದಮ್ಮ ಸೊಸೆಯ ಜೊತೆ ಮುಂದಿನ ಸಾಲಿನಲ್ಲಿದ್ದಳು. ಚಿಕ್ಕಬೀರಮ್ಮ ಕಂಬಕ್ಕೆ ಒರಗಿದ್ದಳು. ಸಂಘಮಿತ್ರ ಫಾರಂ ಬಿಡಿಸಿ ಪೆನ್ನಿನ ಕ್ಯಾಪು ತೆಗೆದಳು.

"ಹಸು ಸತ್ತ ಜಾಗ ಎಲ್ಲಮ್ಮ?"

"ಬೇಗೂರು ಕಾಡು, ದೊಡ್ಡ ತಿರುವು" ಎಂದು ಯಶೋದಮ್ಮ ಉತ್ತರ ಕೊಟ್ಟಳು.

"ಅವ್ವಾ, ಒಂದು ಮಾತು." ಚಿಕ್ಕಬೊಮ್ಮ ತಡೆಯಲಾರದೆ ಮುಂದೆ ಬಂದ. "ನಮ್ಮ ಆ ಹುಲಿ ಹದಿನೈದು ದಿನದಿಂದ ಹೊಳೆ ಈಚೆಗೇ ಬಂದಿಲ್ಲ. ನಾನು ದಿನಾ ಹೆಜ್ಜೆ ನೋಡ್ತೀನಿ. ಅದಕ್ಕೆ ಹಿಂದ್ಗಡೆ ಕಾಲು ಬ್ಯಾರೆ ನೋವು, ಜಿಂಕೆ ಹಿಡಿಯಾಕೇ ಆಯ್ತಾ ಇಲ್ಲ. ಸುಮ್ಮಸುಮ್ಮನೆ ಅದರ ಮ್ಯಾಲೆ ಹೇಳ್ಬ್ಯಾಡಿ. ಮತ್ತೆ ನಮ್ಮ ಕಡೆ ಈ ಮನೆಯೋರ ಹಸ ಯಾರ ತಾವೂ ಪಾಲಿಗೆ ಇರ್ನಿಲ್ಲ. ಹಟ್ಟಿ ಹಟ್ಟಿ ಕೇಳ್ಕೊಂಡು ಬಂದಿವ್ನಿ."

ಜಗಲಿಯಲ್ಲಿ ಗುಜುಗುಜು ಶುರುವಾಯಿತು. ದೊಡ್ಡಬೀರಯ್ಯ ಗಂಟಲು ಸರಿಮಾಡಿಕೊಂಡ.

"ಓಹೋ. ಹುಲಿ ತಿಂದಿಲ್ಲ, ಪಾಲಿಗೂ ಇರಲಿಲ್ಲ. ಅಂಗಾರೆ ವಿಷಯ ತಿಳೀತು ಬುಡಿ. ನಿಮ್ಮ ಹಾಡಿಯೋರೇ ಯಾರೋ ಮಾರ್ಕೊಂಡು ಹುಲಿ ಮೇಲೆ ಹೇಳವ್ರೆ. ಮೇಡಮ್ಮೋರೆ, ಫಾರಂ ಎತ್ತಿಡಿ. ಇದು ಪೊಲೀಸ್ ಸ್ಟೇಷನ್ ಕೇಸು. ನಡೀರಪ್ಪ, ಕಂಪ್ಲೇಂಟು ಕೊಡಾಣ."

"ಅಯ್ಯೋ, ಅಂಗನ್ಬ್ಯಾಡಿ ಬುದ್ಧೀ" ಎಂದ ಚಿಕ್ಕಬೊಮ್ಮ.  ಅಲ್ಲಿಯವರೆಗೂ ಹುಲಿಯ ಪರ ನಿಂತಿದ್ದವನು ಈಗ ತನ್ನವರ ಪರ ಕೈಮುಗಿದು ನಿಂತ. ನಾಲ್ಕು ಜನ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಶಿವನಂಜಮ್ಮ ಎದ್ದು ನಿಂತಳು. ಮುಕ್ಕಾಲು ಗಂಟೆ ನಿಲ್ಲದೆ ಮಾತಾಡಬಲ್ಲವಳಿಗೆ ಎರಡು ದಿನದಿಂದ ಹ್ಞೂಂ ಬಿಟ್ಟು ಬೇರೆ ಹೆಚ್ಚೇನೂ ಬಂದಿರಲಿಲ್ಲ. ಈಗ ತಾಯಂದಿರ ಸಭೆಯ ದನಿ ವಾಪಸ್ ಬಂತು.

"ಚಪ್ಪಲಿ ಬಿಡ್ರಿ ಎಲ್ರೂ! ಕೂತ್ಕಳ್ರಿ!"

ಕೂತರು. ಅರ್ಧ ಜನ ಅವಳ ಅಂಗನವಾಡಿಯಲ್ಲೇ ಅಆಇಈ ಕಲಿತವರು.

"ಹುಲಿ ತಿಂದಿಲ್ಲ. ಹಾಡಿಯೋರು ಮಾರಿಲ್ಲ. ಕೆಂಪಿ ಹಸ ಅಲ್ಲ. ಕೆಂಪಿ ಕಾರು."

"ಕಾರಾ?" ಜಯರಾಮ ಎರಡು ದಿನದಲ್ಲಿ ಮೊದಲ ಸಲ ಗೋಡೆಯಿಂದ ಕಣ್ಣು ತೆಗೆದ. "ಕಾರು ತಗೊಂಡಿದ್ಯಾ? ನನಗೆ ಹೇಳ್ದಂಗೆ ಕಾರು?"

"ಮೊಬೈಲಲ್ಲಿ ಕಣ್ರೀ! ಆಟದ್ದು. ರಾಕೆಟ್ ರೋಡ್ ಅಂತ. ಹನ್ನೊಂದು ವರ್ಷದಿಂದ ಆಡ್ತಾ ಇದೀನಿ. ಶನಿವಾರ ಅದರ ಎರಡನೇದು ಬಂತು. ಅದ್ರಲ್ಲಿ ಕೆಂಪಿನ ತೆಗೆದು ಹಾಕವ್ರೆ. ಅದಕ್ಕೆ ಅತ್ತೆ. ಇಷ್ಟೇ ವಿಷಯ."

 ಮೊದಲು ಚೇತರಿಸಿಕೊಂಡವಳು ಚಿಕ್ಕಬೀರಮ್ಮ. "ಅಂದ್ರೆ ಕರ?" ಎಂದಳು.

"ಕರ ಇಲ್ಲ ಅತ್ಗೆ. ಕಾರಿಗೆ ಕರ ಆಗಲ್ಲ."

"ಅಲ್ಲ ಟೀಚರಮ್ಮ!" ಯಶೋದಮ್ಮ ಸೊಂಟದ ಮೇಲೆ ಕೈಯಿಟ್ಟು ಎದ್ದಳು. "ಗುರುವಾರ ನನ್ನ ಸೊಸೆ ಕೈಯಿಂದ ಫೋನ್ ಕಿತ್ಕೊಂಡು, ಕೆಂಡ ಅಂದ್ರಿ, ಕೊಳ್ಳಿ ಅಂದ್ರಿ! ಇಲ್ಲಿ ನೋಡಿದ್ರೆ ನೀವೇ!"

ಶಿವನಂಜಮ್ಮನ ನಾಲಿಗೆಯ ತುದಿಗೆ ಒಂದು 'ಹ್ಞೂಂ' ಬಂತು. ಆದರೆ ಹೇಳಲಿಲ್ಲ.

"ಕಿತ್ಕೊಂಡೆ. ನಾಳೆ ಕೊಟ್ರೆ ನಾಳೇನೂ ಕಿತ್ಕೊತೀನಿ. ಆ ಮಗಿಗೆ ಮೂರು ವರ್ಷ ಯಶೋದಮ್ಮ, ನನಗೆ ಐವತ್ತೆರಡು. ಮೂರು ವರ್ಷದ ಮಗಿಗೆ ಯಾವ ಗೌರ್ಮೆಂಟು ಲೈಸೆನ್ಸ್ ಕೊಡ್ತದೆ?"

ಯಶೋದಮ್ಮನ ಸೊಸೆ ಅತ್ತೆಯ ಹಿಂದೆ ನಿಂತು ಕಿಸಕ್ಕನೆ ನಕ್ಕಳು. ಅತ್ತೆ ತಿರುಗಿ ನೋಡುವುದರೊಳಗೆ ಕೆಮ್ಮಿದಳು.

ಜಯರಾಮನಿಗೆ ಈಗ ಬೆಳಕಾಯಿತು. ಹಸು ಇರಲಿಲ್ಲ. ಹಾಲು ಇರಲಿಲ್ಲ. ಹನ್ನೊಂದು ವರ್ಷದ ಮೋಸ ಇರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದು, ಅದು ಇಳಿದ ಜಾಗದಿಂದ ನಗು ಎದ್ದುಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾರು! ಆಟದ ಕಾರು! ಇವಳು ಓಡ್ಸೋದು! ಲೋ ಬೀರಯ್ಯ, ಕೇಳಿದ್ಯೇನ್ಲಾ? ಸೊಂಟ ಹಿಡ್ಕಂಡದೆ ಅಂತ ನನ್ನ ಕೈಲಿ ಎಣ್ಣೆ ತರ್ಸಿದ್ಲು ಕಣ್ಲಾ!"

ಯಾವುದನ್ನು ತಡೆಯಲಾರೆ ಎಂದುಕೊಂಡಿದ್ದಳೋ ಅದೇ ನಗು. ಜಗಲಿಯೂ ಜೊತೆಗೂಡಿತು. ಶಿವನಂಜಮ್ಮನಿಗೇ ಆಶ್ಚರ್ಯವಾಗುವಂತೆ, ತಡೆದುಕೊಂಡಳು.

"ನಗಿ" ಅಂದಳು. "ಪೂರಾ ನಗಿ, ಕಾಯ್ತೀನಿ."

"ಅಲ್ವೇ, ಎರಡನೇದ್ರಲ್ಲಿ ಏನೇ ತೊಂದ್ರೆ?" ಎಂದ ಜಯರಾಮ.

"ಸ್ಟೇರಿಂಗು ತಾನೇ ತಿರುಗತದೆ."

"ಒಳ್ಳೇದೇ ಆಯ್ತಲ್ಲ! ಹೆಂಗಸ್ರಿಗೆ ಅದೇ ಸರಿ. ಗುದ್ದಲ್ಲ, ಬೀಳಲ್ಲ. ಕಂಪನಿಯೋನು ಬುದ್ಧಿವಂತ ಕಣೆ."

ಶಿವನಂಜಮ್ಮ ಒಳಗೆ ಹೋದಳು. ಫೋನು ತಂದಳು. ಆಟ ತೆರೆದು, ಎರಡು ಜಾಹೀರಾತು ಮುಗಿಯುವವರೆಗೆ ಇಡೀ ಜಗಲಿಯನ್ನು ಕಾಯಿಸಿ, ಫೋನನ್ನು ಗಂಡನ ಕೈಗೆ ಕೊಟ್ಟಳು.

"ಬೆಳ್ಳಿ ಪದಕದೋರು ನೀವು. ಓಡ್ಸಿ, ನೋಡಾಣ."

ಜಯರಾಮ ನಗುತ್ತಲೇ ತೆಗೆದುಕೊಂಡ. ಬಸ್ಸಿನಲ್ಲಿ ಕೂರುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ. ಮೂರು, ಎರಡು, ಒಂದು. ಕಾರು ನುಗ್ಗಿತು. ಜನ ಹಿಂದಿನಿಂದ ಬಗ್ಗಿ ನೋಡಿದರು. ಸಂಘಮಿತ್ರಳೂ ರಟ್ಟು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿದಳು. ಮೊದಲ ತಿರುವಿನಲ್ಲಿ ಜಯರಾಮನ ನಗು ನಿಂತಿತು.

"ಏ! ಬಲಕ್ಕೆ ಅಂತೀನಿ!" ಫೋನು ಬಲಕ್ಕೆ ಹೋಯಿತು, ಕೈ ಹೋಯಿತು, ತಲೆ ಹೋಯಿತು, ಸೊಂಟದಿಂದ ಮೇಲಕ್ಕೆ ಪೂರಾ ಜಯರಾಮ ಬಲಕ್ಕೆ ಹೋದ. ಕಾರು ಎಡಕ್ಕೆ ಹೋಯಿತು. "ಲಾರಿ ಬತ್ತಾ ಐತೆ, ಇದ್ಯಾಕೆ ಹಾರನ್ ಇಲ್ಲ? ಬ್ರೇಕೆಲ್ಲೇ? ಬ್ರೇಕ್ ಒತ್ತಿದ್ರೂ ಓಡ್ತದೆ! ಲೇ, ನಿಲ್ಸಲಾ!" ಕಾರು ನಿಲ್ಲಲಿಲ್ಲ. ಲಾರಿಯ ಪಕ್ಕದಲ್ಲಿ ಜಾರಿ, ಸೇತುವೆ ಹಾರಿ, ಬೆಟ್ಟ ಸುತ್ತಿ, ಮೊದಲನೆಯದಾಗಿ ಗುರಿ ಮುಟ್ಟಿ ಪಟಾಕಿ ಹೊಡೆಯಿತು. ನೀವು ಅದ್ಭುತ ಚಾಲಕರು ಎಂದು ಬರೆದು ತೋರಿಸಿತು.

ಜಯರಾಮನ ಹಣೆಯಲ್ಲಿ ಬೆವರು. ಮೂವತ್ತನಾಲ್ಕು ವರ್ಷ ಮಡಿಕೇರಿ ಘಾಟಿ ಹತ್ತಿಳಿದವನು ಆ ಹೊಗಳಿಕೆಯನ್ನು ಬೈಗುಳದ ಹಾಗೆ ನೋಡಿದ.

"ಇದು ಮೋಸ" ಎಂದು ಕೂಗಿದ. "ನಾನು ಒಂದು ಕಡೆ ಅಂದ್ರೆ ಅದೊಂದು ಕಡೆ ಹೋಯ್ತದೆ! ನನ್ನ ಕೈಲಿ ಏನೈತೆ? ಸುಮ್ನೆ ಕೂರಿಸ್ಕೊಂಡು ಹೋಗೋದಾದ್ರೆ ನಾನ್ಯಾಕೆ? ಯಾವನು ಓಡಿಸ್ತಾವ್ನೆ ಇದನ್ನ?"

"ಹ್ಞಾಂ" ಅಂದಳು ಶಿವನಂಜಮ್ಮ. "ನಿಮ್ಮ ಸ್ಕೂಟರ್ ಹಿಂದೆ ಕೂತ್ಕೊಂಡು ಮೂವತ್ತು ವರ್ಷದಿಂದ ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ನನ್ನ ಕೈಲಿ ಏನಾದ್ರೂ ಇದ್ದಿದ್ದು ಕೆಂಪಿ ಒಂದೇ ಕಣ್ರೀ."

ಜಗಲಿಯಲ್ಲಿ ಗಂಡಸರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆ ಕೆಲಸ ನೆನಪಾಗತೊಡಗಿತು. ಹೆಂಗಸರು ಯಾರೂ ಕದಲಲಿಲ್ಲ. "ಹೌದು ಕಣವ್ವಾ" ಎಂದು ಹೇಳಿದ್ದು ಚಿಕ್ಕಬೀರಮ್ಮ. ಯಾಕೆ ಹೇಳಿದಳೋ, ಕೇಳಿದವರಿಗಿಂತ ಅವಳಿಗೇ ಹೆಚ್ಚು ಆಶ್ಚರ್ಯವಾದಂತಿತ್ತು. ಜಯರಾಮ ಫೋನು ವಾಪಸ್ ಕೊಡಲಿಲ್ಲ. "ಇನ್ನೊಂದ್ಸಲ ನೋಡ್ತೀನಿ, ಹೆಂಗೆ ನನ್ನ ಮಾತು ಕೇಳಲ್ಲ ಅಂತ" ಎಂದು ಮೂಲೆಗೆ ಹೋಗಿ ಜಾಹೀರಾತು ನೋಡುತ್ತ ಕೂತ.

ಸಂಘಮಿತ್ರ ಫಾರಂ ನೋಡಿದಳು, ಶಿವನಂಜಮ್ಮನನ್ನು ನೋಡಿದಳು. "ಅರ್ಜಿ ಬಂದ್ಮೇಲೆ ನಾನು ಏನಾದ್ರೂ ಬರೆದು ಮುಗಿಸ್ಬೇಕಮ್ಮ. ಸುಳ್ಳು ದೂರು ಅಂತ ಬರೀಲಾ?"

"ಹುಲಿದು ಸುಳ್ಳು, ಅದನ್ನ ಬರೀರಿ. ಹಾಡಿಯೋರ ಮೇಲೆ ಹೇಳಿದ್ದು ಸುಳ್ಳು, ಅದನ್ನ ದೊಡ್ಡಕ್ಷರದಲ್ಲಿ ಬರೀರಿ." ದೊಡ್ಡಬೀರಯ್ಯ ಫ್ಲೆಕ್ಸಿನ ಹಗ್ಗ ಬಿಚ್ಚುವುದರಲ್ಲಿ ಮಗ್ನನಾಗಿದ್ದ. ಚಿಕ್ಕಬೊಮ್ಮ ಅವನಿಗೆ ಸಹಾಯಕ್ಕೆ ಹೋಗದೆ ಕೈಕಟ್ಟಿ ನಿಂತು ನೋಡುತ್ತಿದ್ದ. "ಆದ್ರೆ ಕೆಂಪಿ ಸುಳ್ಳಲ್ಲ ಮೇಡಮ್. ಇದ್ದಿದ್ದು ನಿಜ, ಹೋಗಿದ್ದು ನಿಜ. ಬರ್ಕಳಿ."

ಸಂಘಮಿತ್ರ ನಗು ನುಂಗಿಕೊಂಡು ಪೆನ್ನು ಹಿಡಿದಳು. "ಬಣ್ಣ?"

"ಕೆಂಪು."

"ವಯಸ್ಸು?"

"ಹನ್ನೊಂದು."

"ಸಾವಿಗೆ ಕಾರಣ?"

"ಎರಡನೇ ಭಾಗ."

ಪೆನ್ನು ಒಂದು ಕ್ಷಣ ತಡೆದು, ಬರೆಯಿತು. "ಮಾಲೀಕರ ಹೆಸರು?"

"ಶಿವನಂಜಮ್ಮ. ಇನಿಷಿಯಲ್ ಬ್ಯಾಡ."

"ಗಂಡನ ಹೆಸರು ಅಂತ ಒಂದು ಕಾಲಂ ಇದೆ."

ಮೂಲೆಯಿಂದ ಜಯರಾಮ ಫೋನಿನಿಂದ ತಲೆಯೆತ್ತದೆ, ಎಡಕ್ಕೆ ಪೂರಾ ಓರೆಯಾಗಿ, "ಜಯರಾಮ ಅಂತ ಬರೀರಿ" ಎಂದು ಕೂಗಿದ.

"ಬರೀಬ್ಯಾಡಿ ಮೇಡಮ್" ಅಂದಳು ಶಿವನಂಜಮ್ಮ. "ಅವರಿಗೂ ಕೆಂಪಿಗೂ ಏನೂ ಸಂಬಂಧ ಇಲ್ಲ. ಅಲ್ಲಿ ಒಂದು ಗೆರೆ ಎಳೆದ್ಬುಡಿ."

ಸಂಘಮಿತ್ರ ರಟ್ಟನ್ನು ಮೊಣಕಾಲ ಮೇಲಿಟ್ಟುಕೊಂಡು, ಆ ಕಾಲಮ್ಮಿನ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಳು.